ಸಾಧಕರ ಪುಟದಲ್ಲಿ ಸಂಬಳದ ಕಾಲಂ ಎಲ್ಲಿ?

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯೂ ಸೇರಿ ಎಲ್ಲ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಸಾಧಕರ ಪರಿಚಯ ಬರುತ್ತಲೇ ಇರುತ್ತದೆ. ಬೆಂಗಳೂರಿನ ಕೆಲಸ ಬಿಟ್ಟು ಹೊಸನಗರಕ್ಕೋ ತೀರ್ಥಹಳ್ಳಿಗೋ ಮರಳಿ ಹಾಳೆತಟ್ಟೆ ಘಟಕ ಹಾಕಿದವರು, ಸಾಗರದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಗೆ ಹೆಸರು ತಂದವರು, ಮನೆಯ ಮಹಡಿಯನ್ನೇ ಹೋಂಸ್ಟೇ ಮಾಡಿದವರು, ಮರದ ಗಾಣ ಹೂಡಿದವರು. ಇವರ ಬಗ್ಗೆ ಬರೆಯಬೇಕಾದದ್ದೇ. ಆದರೆ ಹೆಚ್ಚಿನ ಬರಹಗಳು ಬಂದು ನಿಲ್ಲುವುದು ಒಂದೇ ಕಡೆ: ಕಷ್ಟ ಬಂತು, ಛಲ ಬಿಡಲಿಲ್ಲ, ಗೆದ್ದರು. ಎರಡನೇ ಮಳೆಗಾಲಕ್ಕೇ ಯಂತ್ರ ನಿಲ್ಲಿಸಿದವನೂ ಅದೇ ಪುಟ ಓದುತ್ತಾನೆ. ತನಗೆ ಛಲ ಸಾಲಲಿಲ್ಲ ಅಂದುಕೊಳ್ಳುತ್ತಾನೆ. ಅವನಿಗೆ ಸಾಲದೇ ಹೋದದ್ದು ನಾಲ್ಕು ತಿಂಗಳ ಖರ್ಚಿನ ದುಡ್ಡು.

ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡುವವರು ಮತ್ತು ಆಪ್ತ ಸಮಾಲೋಚನೆ ಮಾಡುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಎರಡು ಕಸುಬಿನವರು ಒಂದೇ ಕಾಗದಕ್ಕೆ ಸಹಿ ಹಾಕುವುದಕ್ಕೆ ಕಾರಣವಿದೆ. ಉದ್ಯಮಿಯ ಎದೆ ಕುಗ್ಗುವುದು ಸಾಮಾನ್ಯವಾಗಿ ಲೆಕ್ಕದ ಪುಸ್ತಕ ಕಲಸಿಹೋದ ಜಾಗದಲ್ಲೇ. ಅದನ್ನು ಬಿಡಿಸದೆ ಬರೀ ‘ಧೈರ್ಯವಾಗಿರಿ’ ಎಂದರೆ ಹನಿಯುವ ಹಂಚನ್ನು ಬದಲಿಸದೆ ಕೆಳಗೆ ಪಾತ್ರೆ ಇಟ್ಟ ಹಾಗೆ.

ಬೆಲೆಯಿಂದಲೇ ಶುರು ಮಾಡುತ್ತೇವೆ. ಆತ್ಮಗೌರವ ಎನ್ನುವುದು ದೊಡ್ಡ ಮಾತಾಯಿತು. ಉದ್ಯಮಿ ತನಗೆ ತಾನು ಎಷ್ಟು ಬೆಲೆ ಕೊಟ್ಟುಕೊಂಡಿದ್ದಾನೆ ಅಥವಾ ಕೊಟ್ಟುಕೊಂಡಿದ್ದಾಳೆ ಎನ್ನುವುದು ಮಾಲಿನ ದರದಲ್ಲೇ ಕಾಣುತ್ತದೆ. ಮನೆಯಲ್ಲಿ ಉಪ್ಪಿನಕಾಯಿ ಹಾಕಿ ಮಾರುವ ಒಬ್ಬ ಹೆಂಗಸಿನ ಲೆಕ್ಕವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಹತ್ತು ಕಿಲೋ ಮಿಡಿ ಉಪ್ಪಿನಕಾಯಿಗೆ ಮಿಡಿ, ಉಪ್ಪು, ಮೆಣಸು, ಸಾಸಿವೆ ಎಲ್ಲ ಸೇರಿ 2,400 ರೂಪಾಯಿ. ಬಾಟಲಿ, ಲೇಬಲ್ 600. ಗ್ಯಾಸು, ಓಡಾಟ 300. ಅಲ್ಲಿಗೆ 3,300. ಪಕ್ಕದ ಅಂಗಡಿಯಲ್ಲಿ ಕಿಲೋಗೆ 380 ಇದೆ ಎಂದು ಇವರೂ 380 ಇಡುತ್ತಾರೆ. 3,800 ಬಂತು, 500 ಉಳಿಯಿತು, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಮಿಡಿ ಆರಿಸುವುದರಿಂದ ಬಾಟಲಿ ಒರೆಸುವವರೆಗೆ ಹಿಡಿದದ್ದು 20 ಗಂಟೆ. ಗಂಟೆಗೆ 25 ರೂಪಾಯಿ ಬಿತ್ತು. ತನ್ನ ಕೈಕೆಲಸಕ್ಕೆ ಗಂಟೆಗೆ 60ರಂತೆ 1,200 ಎಂದು ಹಿಡಿದಿದ್ದರೂ ಅಸಲೇ 4,500, ಅಂದರೆ ಕಿಲೋಗೆ 450 ಆಗಬೇಕಿತ್ತು. ಲಾಭದ ಮಾತು ಅದರ ಮೇಲೆ.

ಕೈಕೆಲಸದ ಈ 1,200 ರೂಪಾಯಿಯ ಸಾಲು ಅಸಲಿನ ಲೆಕ್ಕದ ಚೀಟಿಯಲ್ಲಿ ಇಲ್ಲದಿರುವುದೇ ಮುಂದಿನ ಎಲ್ಲ ಸಂಕಟಕ್ಕೆ ಬೀಜ. ಗಿರಾಕಿ ‘ಏನಮ್ಮಾ, ಇಷ್ಟು ದುಬಾರಿ’ ಎಂದ ಕೂಡಲೇ ಇಪ್ಪತ್ತು ರೂಪಾಯಿ ಇಳಿಸುತ್ತಾರೆ. ಇಳಿಸಿದ್ದಕ್ಕೆ ಬೇಜಾರು, ಇಳಿಸದಿದ್ದರೆ ದುರಾಸೆ ಮಾಡಿದೆನೇನೋ ಎಂಬ ಅಳುಕು. ಕೈಯಲ್ಲಿ ಅಸಲಿನ ಚೀಟಿ ಇದ್ದವರು ‘ಇದು ಮರದಿಂದ ಕೈಯಲ್ಲೇ ಇಳಿಸಿದ ಮಿಡಿ, ನೆಲಕ್ಕೆ ಬಿದ್ದು ಪೆಟ್ಟಾದದ್ದು ಉಪ್ಪಿನಲ್ಲಿ ಮೆತ್ತಗಾಗುತ್ತೆ, ಅದನ್ನ ನಾವು ತಗೊಳ್ಳಲ್ಲ, ಹಾಗಾಗಿ ಈ ದರ’ ಎಂದು ಸಲೀಸಾಗಿ ಹೇಳಬಲ್ಲರು. ಧ್ವನಿ ಗಟ್ಟಿಯಾಗುವುದು ಆ ಚೀಟಿಯಿಂದ. ಆದ್ದರಿಂದ ಮೊದಲ ಕೆಲಸ: ಒಂದು ಸಲದ ತಯಾರಿಕೆಗೆ ಎಷ್ಟು ಗಂಟೆ ಹಿಡಿಯಿತು ಎಂದು ಗೋಡೆಯ ಕ್ಯಾಲೆಂಡರಿನ ಮೇಲಾದರೂ ಗುರುತು ಹಾಕಿಕೊಳ್ಳಿ. ಮೂರು ಸಲದ ಸರಾಸರಿ ತೆಗೆಯಿರಿ. ಒಂದೇ ಸಲದ ಲೆಕ್ಕ ನಂಬಬೇಡಿ. ಮೊದಲ ಸಲ ಎಲ್ಲರೂ ನಿಧಾನ. ನೆಂಟರಿಗೆ ರಿಯಾಯಿತಿ ಕೊಡುವುದಿದ್ದರೆ ಅದನ್ನು ಬಿಲ್ಲಿನಲ್ಲಿ ಕಾಣಿಸಿಯೇ ಕೊಡಿ: ದರ 450, ರಿಯಾಯಿತಿ 50. ದರವನ್ನೇ ಇಳಿಸಿದರೆ ಮುಂದಿನ ವರ್ಷ ಅದೇ ದರವಾಗಿ ಕೂರುತ್ತದೆ.

ಇದೇ ಮಾತಿನ ಇನ್ನೊಂದು ಮುಖ ಮಾಲೀಕರ ಸಂಬಳ. ನಮ್ಮ ಕಡೆ ಗಲ್ಲಾಪೆಟ್ಟಿಗೆಯಿಂದಲೇ ಹಾಲಿನ ದುಡ್ಡು, ಮಕ್ಕಳ ಫೀಸು, ಮದುವೆಮನೆಯ ಮುಯ್ಯಿ ಎಲ್ಲ ಹೋಗುತ್ತದೆ. ತಿಂಗಳ ಕೊನೆಗೆ ಪೆಟ್ಟಿಗೆ ಖಾಲಿ. ವ್ಯಾಪಾರ ಸೋತಿತೋ, ಮನೆಯ ಖರ್ಚು ಹೆಚ್ಚಾಯಿತೋ ತಿಳಿಯುವುದಿಲ್ಲ. ತಿಳಿಯದಿದ್ದಾಗ ಮನಸ್ಸು ಎರಡನ್ನೂ ಕೂಡಿಸಿ ‘ನಾನೇ ಸರಿಯಿಲ್ಲ’ ಎಂದು ಷರಾ ಬರೆದುಬಿಡುತ್ತದೆ. ಎರಡು ಬ್ಯಾಂಕ್ ಖಾತೆ ಇರಲಿ. ಪ್ರತಿ ತಿಂಗಳು ಒಂದೇ ತಾರೀಕಿಗೆ, ಒಂದೇ ಮೊತ್ತ ವ್ಯಾಪಾರದ ಖಾತೆಯಿಂದ ಮನೆಯ ಖಾತೆಗೆ ಹೋಗಲಿ. ಎಷ್ಟು ಎಂದು ನಿರ್ಧರಿಸುವುದಕ್ಕೆ ಹಿಂದಿನ ಹನ್ನೆರಡು ತಿಂಗಳ ಉಳಿಕೆ ಕೂಡಿಸಿ ಹನ್ನೆರಡರಿಂದ ಭಾಗಿಸಿ, ಬಂದದ್ದರಲ್ಲಿ ಅರ್ಧದಿಂದ ಮೂರರಲ್ಲಿ ಎರಡು ಪಾಲಿನವರೆಗೆ ಹಿಡಿಯಿರಿ. ಒಳ್ಳೆಯ ತಿಂಗಳ ಲೆಕ್ಕದಲ್ಲಿ ಸಂಬಳ ನಿಗದಿ ಮಾಡಿಕೊಂಡವರು ಆಷಾಢದಲ್ಲಿ ಕೈಗಡ ಎತ್ತುತ್ತಾರೆ. ಹೆಂಡತಿಯೋ ತಮ್ಮನೋ ದಿನವಿಡೀ ಘಟಕದಲ್ಲಿ ದುಡಿಯುತ್ತಿದ್ದರೆ ಅವರಿಗೂ ಸಂಬಳದ ಸಾಲು ಬೇಕು. ದುಡ್ಡು ಕೂಡಲೇ ಕೊಡಲಾಗದಿದ್ದರೂ ಪುಸ್ತಕದಲ್ಲಿ ಬಾಕಿ ಎಂದು ಬರೆದಿಡಿ. ಮನೆಯೊಳಗಿನ ಎಷ್ಟೋ ಮುನಿಸಿಗೆ ಇದು ಮದ್ದು.

ಮಳೆಗಾಲದ ಲೆಕ್ಕ ಮಲೆನಾಡಿನ ಉದ್ದಿಮೆಗೆ ಬೇರೆಯೇ. ಅಡಿಕೆ ಕೊಯ್ಲಿನ ದುಡ್ಡು ಊರಿಗೆ ಬಂದ ಮೇಲೆ ಪೇಟೆ ಅರಳುತ್ತದೆ, ಜೂನ್ ಬಂದರೆ ಮುದುಡುತ್ತದೆ. ಬಿಸಿಲಿಲ್ಲ, ಹಪ್ಪಳ ಒಣಗುವುದಿಲ್ಲ. ಮರ ಬಿದ್ದು ಕರೆಂಟು ಹೋದರೆ ತಟ್ಟೆ ಒತ್ತುವ ಪ್ರೆಸ್ ನಿಂತಿತು. ಒಳದಾರಿಗಳಲ್ಲಿ ಲಾರಿ ಬರುವುದಿಲ್ಲ. ಹಾಳೆತಟ್ಟೆಯವರ ಪಾಡು ಇನ್ನೂ ಬಿಗಿ. ಹಾಳೆ ಹೆಚ್ಚಾಗಿ ಬೀಳುವುದು ಬೇಸಿಗೆಯಲ್ಲಿ. ಆಗಲೇ ನಗದು ಕೊಟ್ಟು ಕೊಂಡು, ಒಣಗಿಸಿ, ದಾಸ್ತಾನು ಮಾಡಬೇಕು. ಮಾಲು ಹೋದದ್ದಕ್ಕೆ ಹಣ ಬರುವುದು ತಿಂಗಳುಗಳ ಮೇಲೆ. ಇಷ್ಟರ ನಡುವೆ ತಟ್ಟೆಗೆ ಬೂಷ್ಟು ಹಿಡಿದು ಪೆಟ್ಟಿಗೆಗಳು ವಾಪಸ್ ಬಂದರೆ ಮಾಲೀಕ ನೆಲಕಚ್ಚುತ್ತಾನೆ. ಆ ಬೂಷ್ಟಿಗೆ ಕಾರಣ ಬಹಳ ಸಲ ಸರಳ: ಅಚ್ಚಿನಿಂದ ತೆಗೆದ ಬಿಸಿ ತಟ್ಟೆಯನ್ನು ಆರಲು ಬಿಡದೆ ಪ್ಲಾಸ್ಟಿಕ್ಕಿಗೆ ತುರುಕಿದ್ದು, ಅಥವಾ ಸಿಮೆಂಟು ನೆಲದ ಮೇಲೆ ಹಲಗೆಯಿಲ್ಲದೆ ಪೆಟ್ಟಿಗೆ ಪೇರಿಸಿದ್ದು.

ಒಂದು ಲೆಕ್ಕ ಹಾಕಿ ನೋಡಿ. ಬಾಡಿಗೆ 6,000, ಕರೆಂಟು 3,500, ಒಬ್ಬ ಕೆಲಸದವರ ಸಂಬಳ 14,000, ಸಾಲದ ಕಂತು 9,500, ಮಾಲೀಕರ ಸಂಬಳ 18,000. ವ್ಯಾಪಾರ ಆಗಲಿ ಬಿಡಲಿ ತಿಂಗಳಿಗೆ 51,000 ಬೇಕೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಚ್ಚಾಮಾಲಿನ ಖರ್ಚು ಕಳೆದು ಉಳಿಯುವುದು ತಿಂಗಳಿಗೆ 25,000 ಎಂದಾದರೆ ಕೊರತೆ 26,000. ನಾಲ್ಕು ತಿಂಗಳಿಗೆ 1,04,000. ಈ ಮೊತ್ತ ಮೇ ತಿಂಗಳ ಕೊನೆಗೆ ಬೇರೆ ಖಾತೆಯಲ್ಲಿ ಇರಬೇಕು. ಡಿಸೆಂಬರ್‌ನಿಂದ ಆರು ತಿಂಗಳು ತಿಂಗಳಿಗೆ ಸುಮಾರು 17,300 ತೆಗೆದಿಟ್ಟರೆ ಆಗುತ್ತದೆ. ಹೀಗೆ ತೆಗೆದಿಟ್ಟವರಿಗೆ ಜುಲೈ ಎಂದರೆ ಯಂತ್ರದ ರಿಪೇರಿ ಮಾಡಿಸುವ ತಿಂಗಳು. ತೆಗೆದಿಡದವರಿಗೆ ಅದೇ ಜುಲೈ ತಮ್ಮ ಯೋಗ್ಯತೆಯ ಪರೀಕ್ಷೆಯಾಗಿ ಕಾಣುತ್ತದೆ. ಜಡಿಮಳೆ ಇಬ್ಬರಿಗೂ ಒಂದೇ.

ಉದ್ರಿಯ ಮಾತು ಎತ್ತದೆ ಇರುವ ಹಾಗಿಲ್ಲ. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ಗೋಡೆಗೆ. ಉದ್ರಿ ಪುಸ್ತಕ ಬೋರ್ಡಿನ ಕೆಳಗಿನ ಡ್ರಾಯರಿಗೆ. ಕೊಯ್ಲಿನ ಮೇಲೆ ಕೊಡುತ್ತೇನೆ ಎಂದವರು ತಪ್ಪು ಹೇಳಿದ್ದೇನಲ್ಲ, ಅಡಿಕೆಗೆ ಕೊಳೆರೋಗ ಬಂದರೆ ಅವರದೂ ಕೈಮೀರಿದ್ದು. ಆದರೆ ಕೇಳುವುದಕ್ಕೆ ನಾಚಿಕೆಪಟ್ಟುಕೊಳ್ಳುವ ಮಾಲೀಕರು ತಮ್ಮ ಹಣವನ್ನೇ ಭಿಕ್ಷೆಯಂತೆ ಕೇಳುತ್ತಾರೆ: ‘ತಪ್ಪು ತಿಳ್ಕೋಬೇಡಿ, ಸ್ವಲ್ಪ ಕಷ್ಟ ಇತ್ತು, ಆದ್ರೆ ನೋಡಿ…’ ಈ ‘ಆದ್ರೆ ನೋಡಿ’ಗೆ ಉತ್ತರ ಯಾವಾಗಲೂ ‘ನೋಡೋಣ’. ಬದಲಿಗೆ ಮೊತ್ತ, ತಾರೀಕು ಎರಡನ್ನೂ ಹೇಳಿ: ‘ಅಣ್ಣ, ಅಕ್ಟೋಬರ್ ಬಿಲ್ಲು 18,400 ಬಾಕಿ ಇದೆ. ಈ ಶುಕ್ರವಾರ ಅರ್ಧ, ಉಳಿದರ್ಧ ಹದಿನೈದನೇ ತಾರೀಕಿಗೆ ಹಾಕ್ತೀರಾ?’ ಕೇಳಿ ಸುಮ್ಮನಾಗಿ. ಅವರು ಉತ್ತರಿಸುವ ಮೊದಲೇ ನೀವು ‘ಅರ್ಜೆಂಟಿಲ್ಲ’ ಎಂದರೆ ಕೇಳಿದ್ದು ವ್ಯರ್ಥ. ಒಪ್ಪಿದ್ದನ್ನು ಆಗಲೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ. ವಸೂಲಿ ಫೋನಿಗೆ ವಾರದಲ್ಲಿ ಒಂದು ದಿನ, ಬೆಳಿಗ್ಗೆ ಹತ್ತರಿಂದ ಹನ್ನೊಂದು ಎಂದು ಗೊತ್ತುಮಾಡಿಕೊಳ್ಳಿ. ದಿನವಿಡೀ ಅದೇ ತಲೆಯಲ್ಲಿ ಸುತ್ತುವುದು ತಪ್ಪುತ್ತದೆ. ಒಬ್ಬ ಗಿರಾಕಿಯ ಉದ್ರಿ ನಿಮ್ಮ ಒಂದು ತಿಂಗಳ ಖಾಯಂ ಖರ್ಚಿನ ಅರ್ಧ ದಾಟದಿರಲಿ, ಮೇಲಿನ ಉದಾಹರಣೆಯಲ್ಲಾದರೆ 25,500.

ದೊಡ್ಡ ಖರೀದಿದಾರರ ವಿಷಯದಲ್ಲಿ ಕಾನೂನಿನ ಬಲವೂ ಇದೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಯಿಂದ ಮಾಲು ಪಡೆದವರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಘೋಷಿಸಿದ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಹೀಗೆ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಕೊಡುವವರೆಗೆ ಖರೀದಿದಾರರು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮವೂ 2024ರ ಏಪ್ರಿಲ್‌ನಿಂದ ಬಂದಿದೆ. ಬಹಳ ಸಲ ದೂರಿನವರೆಗೆ ಹೋಗದೆ, ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ (ಸಣ್ಣ ಉದ್ದಿಮೆಯೆಂದು ಸರ್ಕಾರದಲ್ಲಿ ಮಾಡಿಸಿದ ನೋಂದಣಿಯ ಸಂಖ್ಯೆ) ಮತ್ತು ‘45 ದಿನ’ ಎಂದು ಅಚ್ಚು ಹಾಕಿಸಿದರೇ ಕೆಲಸವಾಗುತ್ತದೆ. ಎಡವುವುದು ಎರಡು ಕಡೆ: ಉದ್ಯಮ್ ನೋಂದಣಿಯನ್ನು ಹಣ ಸಿಕ್ಕಿಬಿದ್ದ ಮೇಲೆ ಮಾಡಿಸುವುದು, ಅದು ಮಾಲು ಕೊಡುವ ಮೊದಲೇ ಆಗಿರಬೇಕು, ಮತ್ತು ಕೊಂಡು ಮಾರುವ ವ್ಯಾಪಾರಿಗಳೂ ತಮಗಿದು ಅನ್ವಯ ಎಂದುಕೊಳ್ಳುವುದು. ಅವರಿಗೆ ಉದ್ಯಮ್ ನೋಂದಣಿ ಇದ್ದರೂ ಸಿಗುವುದು ಆದ್ಯತಾ ವಲಯದ ಸಾಲದ, ಅಂದರೆ ಕೃಷಿ, ಸಣ್ಣ ಉದ್ದಿಮೆಯಂಥವಕ್ಕೆ ಬ್ಯಾಂಕುಗಳು ಕೊಡಲೇಬೇಕಾದ ಸಾಲದ ಪಾಲಿನ, ಅನುಕೂಲ ಮಾತ್ರ.

ಇನ್ನು ಮನಸ್ಸಿನ ಕಡೆಯ ಲೆಕ್ಕ. ಸೋಲನ್ನು ಮನುಷ್ಯ ತನಗೆ ತಾನೇ ಹೇಗೆ ವಿವರಿಸಿಕೊಳ್ಳುತ್ತಾನೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಜೊತೆಗಾರರು ದಶಕಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಮೂರು ಕಡೆ ಗಂಟು ಬೀಳುತ್ತದೆ: ಇದು ಯಾವಾಗಲೂ ಹೀಗೇ, ಎಲ್ಲದರಲ್ಲೂ ಹೀಗೇ, ಎಲ್ಲ ನನ್ನಿಂದಲೇ. ಪೆಟ್ಟಿಗೆ ವಾಪಸ್ ಬಂದ ದಿನ ಈ ಮೂರೂ ಒಟ್ಟಿಗೆ ಬರುತ್ತವೆ. ಬಿಡಿಸುವುದಕ್ಕೆ ಒಂದು ನೋಟುಪುಸ್ತಕ ಸಾಕು, ಐದು ಕಾಲಂ. ತಾರೀಕು. ನಡೆದದ್ದು. ಮನಸ್ಸು ಹೇಳಿದ್ದು. ಬೇರೆ ಕಾರಣಗಳು. ಮುಂದಿನ ಕೆಲಸ, ಯಾವ ದಿನದೊಳಗೆ. ದಿನಕ್ಕೆ ಹತ್ತು ನಿಮಿಷ, ಅಂಗಡಿ ಬಾಗಿಲು ಹಾಕುವ ಮೊದಲು.

ಎರಡನೇ ಕಾಲಂನಲ್ಲೇ ಹೆಚ್ಚಿನವರು ತಪ್ಪುತ್ತಾರೆ. ‘ಮರ್ಯಾದೆ ಹೋಯಿತು’ ಎಂದು ಬರೆಯುತ್ತಾರೆ. ಅದು ಮೂರನೇ ಕಾಲಂನ ಮಾತು. ಕ್ಯಾಮೆರಾ ಇಟ್ಟಿದ್ದರೆ ಏನು ಸೆರೆಯಾಗುತ್ತಿತ್ತೋ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಏನು ಕಾಣುತ್ತದೋ ಅಷ್ಟು ಮಾತ್ರ ಎರಡನೆಯದಕ್ಕೆ: ‘ನೂರು ಪೆಟ್ಟಿಗೆಯಲ್ಲಿ 12 ವಾಪಸ್. ಎಲ್ಲ ಜುಲೈ ಮೊದಲ ವಾರ ಒತ್ತಿದ್ದು.’ ಹೀಗೆ ಬರೆದ ಕೂಡಲೇ ನಾಲ್ಕನೆಯದು ತಾನಾಗಿ ತುಂಬುತ್ತದೆ: ಆ ವಾರ ಮೂರು ದಿನ ಕರೆಂಟಿರಲಿಲ್ಲ, ನೆನೆಸಿದ ಹಾಳೆ ಹಾಗೇ ಉಳಿಯಿತು. ನಿಮ್ಮ ತಪ್ಪೂ ಇದ್ದರೆ ಅದನ್ನೂ ನಾಲ್ಕನೆಯದರಲ್ಲೇ ಬರೆಯಿರಿ, ಮುಚ್ಚಬೇಡಿ. ಆದರೆ ಕೆಲಸದ ಹೆಸರಿನಲ್ಲಿ ಬರೆಯಿರಿ. ‘ಆರಿಸದೆ ಪ್ಯಾಕ್ ಮಾಡಿದೆ’ ಎಂದರೆ ನಾಳೆ ತಿದ್ದಬಹುದು, ‘ನಾನು ದಡ್ಡ’ ಎಂದರೆ ತಿದ್ದಲು ಏನೂ ಸಿಗುವುದಿಲ್ಲ. ಮೂರು ವಾರ ಬರೆದು ಬಿಟ್ಟವರೂ ಗಾಬರಿಯಾಗಬೇಕಾಗಿಲ್ಲ. ಕೆಟ್ಟ ದಿನಗಳಲ್ಲಿ ಬರೆದರೂ ಸಾಕು.

ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞ ಅಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕು ಮೂಲ ಹೇಳಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರ ಪ್ರೋತ್ಸಾಹದ ಮಾತು, ದೇಹದ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಬಲವಾದದ್ದು. ನಾವು ಮಾತ್ರ ಉದ್ಯಮಿಗಳಿಗೆ ಮೂರನೆಯದನ್ನೇ ಬಡಿಸುತ್ತಿರುತ್ತೇವೆ, ಮೈಕು ಹಿಡಿದು. ಮೊದಲನೆಯದು ಬೇಕೆಂದರೆ ಗುರಿಯನ್ನು ಕೈಯಳತೆಗೆ ಇಳಿಸಬೇಕು. ಆರ್ಡರ್ ಬರುವುದು ನಿಮ್ಮ ಕೈಯಲ್ಲಿಲ್ಲ. ವಾರಕ್ಕೆ ಹತ್ತು ಫೋನು, ಎರಡು ಸ್ಯಾಂಪಲ್, ಒಂದು ಅಂಗಡಿ ಭೇಟಿ ನಿಮ್ಮ ಕೈಯಲ್ಲಿದೆ. ಶನಿವಾರ ಸಂಜೆ ಎಣಿಸಬೇಕಾದದ್ದು ಇದನ್ನು. ಎರಡನೆಯದಕ್ಕೆ, ‘ತನ್ನಂಥವರು’ ಎಂಬ ಮಾತನ್ನು ಗಮನಿಸಿ: ಕೋಟಿಗಟ್ಟಲೆ ಹೂಡಿಕೆ ತಂದ ಬೆಂಗಳೂರಿನ ಸ್ಟಾರ್ಟಪ್ಪಿನವರ ಭಾಷಣಕ್ಕಿಂತ ಸೊರಬದಲ್ಲಿ ಐದು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿರುವವರ ಅರ್ಧ ಗಂಟೆ ಮಾತು ಹೆಚ್ಚು ಉಪಕಾರಿ.

ನಾಲ್ಕನೆಯದಾದ ದೇಹದ ಬಗ್ಗೆ ಎರಡೇ ಮಾತು. ರಾತ್ರಿ ಒಂಬತ್ತರ ಮೇಲೆ ದುಡ್ಡಿನ ನಿರ್ಧಾರ ಬೇಡ, ಗಿರಾಕಿಗೆ ಖಾರವಾದ ಉತ್ತರವೂ ಬೇಡ; ಬರೆದಿಟ್ಟು ಬೆಳಿಗ್ಗೆ ಕಳಿಸಿ. ವಾರಕ್ಕೊಂದು ರಜೆ ಅಂಗಡಿಯ ಬಾಗಿಲಿಗಷ್ಟೇ ಅಲ್ಲದೆ ಫೋನಿಗೂ ಇರಲಿ. ನಿದ್ದೆ ಬರಲೆಂದು ಕುಡಿಯುವವರು ನಡುರಾತ್ರಿ ಎರಡಕ್ಕೆ ಎದ್ದು ಕೂರುತ್ತಾರೆ, ಯಾಕೆಂದರೆ ಮದ್ಯ ನಿದ್ದೆಯ ಎರಡನೇ ಅರ್ಧವನ್ನು ಕೆಡಿಸುತ್ತದೆ.

ನಿಲ್ಲಿಸುವ ಗೆರೆಯ ಬಗ್ಗೆ ಯಾರೂ ಮಾತಾಡುವುದಿಲ್ಲ, ಅಪಶಕುನ ಎಂಬಂತೆ. ಸರ್ಕಾರಿ ಯೋಜನೆಗಳ ಉದ್ಯಮಶೀಲತಾ ತರಬೇತಿಗಳಲ್ಲಿ ರಿಂಗ್ ಎಸೆಯುವ ಆಟ ಆಡಿಸುತ್ತಾರೆ. ಸಾಧನೆಯ ಹಂಬಲವನ್ನು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ ಬಳಸಿದ ಆಟ ಅದು. 1964ರಲ್ಲಿ ಕಾಕಿನಾಡದ ವ್ಯಾಪಾರಿಗಳಿಗೆ ತರಬೇತಿ ಕೊಟ್ಟವರೂ ಅವರೇ. ತೀರ ಹತ್ತಿರವೂ ಅಲ್ಲ, ತೀರ ದೂರವೂ ಅಲ್ಲ, ನಡುವಿನ ದೂರದಿಂದ ಎಸೆಯಬೇಕು ಎಂಬುದು ಪಾಠ. ಒಳ್ಳೆಯ ಪಾಠವೇ. ಎಷ್ಟು ರಿಂಗ್ ಹೊರಗೆ ಬಿದ್ದ ಮೇಲೆ ಆಟ ನಿಲ್ಲಿಸಬೇಕು ಎಂಬುದನ್ನು ಮಾತ್ರ ಹೇಳಿಕೊಡುವುದಿಲ್ಲ.

ನಷ್ಟದಲ್ಲಿರುವ ಮನುಷ್ಯ ನಷ್ಟ ತಪ್ಪಿಸಲು ಇನ್ನೂ ದೊಡ್ಡ ಅಪಾಯಕ್ಕೆ ಕೈ ಹಾಕುತ್ತಾನೆ ಎಂದು ಮನಶ್ಶಾಸ್ತ್ರಜ್ಞರಾದ ಕಾಹ್ನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ತೋರಿಸಿದ್ದಾರೆ. ಆದ್ದರಿಂದ ಗೆರೆ ಎಳೆಯಬೇಕಾದದ್ದು ನಷ್ಟಕ್ಕೆ ಮೊದಲು, ತಲೆ ತಣ್ಣಗಿರುವಾಗ. ಅನುಭವಿ ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಎಂದು ಅಭ್ಯಾಸ ಮಾಡಿದ ಸರಸ್ ಸರಸ್ವತಿ ಇದನ್ನೇ ಬೇರೆ ರೀತಿ ಹೇಳಿದರು: ಎಷ್ಟು ಲಾಭ ಬರಬಹುದು ಎಂಬುದಕ್ಕಿಂತ ಎಷ್ಟು ಕಳೆದುಕೊಂಡರೆ ತಾಳಿಕೊಳ್ಳಬಲ್ಲೆ ಎಂಬ ಪ್ರಶ್ನೆಯಿಂದ ಅವರು ಹೊರಡುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಅಂದದ್ದೂ ಅದೇ, ಹಾಸಿಗೆಯ ಅಳತೆ ಮಾತ್ರ ಹೇಳಿರಲಿಲ್ಲ. ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ಒಟ್ಟು ಎಷ್ಟು ಹಣದವರೆಗೆ. ಯಾವ ತಾರೀಕಿನವರೆಗೆ. ಮುಟ್ಟದೇ ಇರುವಂಥವು ಯಾವುವು: ಹೆಂಡತಿಯ ಒಡವೆ, ತೋಟದ ಪಹಣಿ, ಅಪ್ಪನ ನಿವೃತ್ತಿಯ ದುಡ್ಡು. ಗೆರೆ ಬದಲಾಯಿಸಲೇಬಾರದು ಎಂದೇನಿಲ್ಲ. ಆದರೆ ಒಬ್ಬರೇ ಬದಲಾಯಿಸಕೂಡದು. ಹಾಳೆಗೆ ಸಾಕ್ಷಿ ಹಾಕಿದವರ ಎದುರು ಕೂತು, ಕಾರಣವನ್ನು ಅಂಕಿಯಲ್ಲಿ ಹೇಳಿ, ಏಳು ದಿನ ಬಿಟ್ಟು ಬದಲಾಯಿಸಿ. ರಾತ್ರೋರಾತ್ರಿ ಸರಿಸಿದ ಗೆರೆ ಗೆರೆಯಲ್ಲ.

ಗೆರೆ ಮುಟ್ಟಿತು, ಮುಚ್ಚಬೇಕು ಎಂದಾದರೆ ಅದೂ ಒಂದು ಕೆಲಸ, ಅದಕ್ಕೂ ಕ್ರಮವಿದೆ. ಕೆಲಸದವರ ಬಾಕಿ ಮೊದಲು ತೀರಿಸಿ. ಸಣ್ಣ ಪೂರೈಕೆದಾರರಿಗೆ ತಾರೀಕು ಹಾಕಿ ಬರೆದುಕೊಡಿ. ಜಿಎಸ್‌ಟಿ ನೋಂದಣಿ ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್, ಜಿಎಸ್‌ಟಿಆರ್-10 ಸಲ್ಲಿಸಿ. ಬಾಗಿಲು ಹಾಕಿದೆವಲ್ಲ ಎಂದು ಬಿಟ್ಟವರಿಗೆ ನೋಟಿಸು ಹಿಂಬಾಲಿಸುತ್ತದೆ, ಮುಗಿದ ಗಾಯ ಮತ್ತೆ ಕೆರೆದಂತೆ. ಮಾಲಿನ ಹದ, ಗಿರಾಕಿಗಳ ಪಟ್ಟಿ, ಯಂತ್ರದ ಅಚ್ಚಿನ ಅಳತೆ, ಏನು ಕಲಿತಿರಿ ಎಂಬುದನ್ನು ಎರಡು ಪುಟ ಬರೆದಿಡಿ. ಮುಂದಿನ ಕಸುಬಿಗೆ ಅದೂ ಬಂಡವಾಳ.

ಬ್ಯಾಂಕಿನ ಫೋನ್ ಎತ್ತದಿರುವುದು ಎಲ್ಲಕ್ಕಿಂತ ದುಬಾರಿಯಾದ ಅಭ್ಯಾಸ. ಕಂತು ತಪ್ಪಿ 30 ದಿನ, 60 ದಿನ, 90 ದಿನ ಎಂದು ಮೂರು ಮೆಟ್ಟಿಲಿದೆ; 90 ದಾಟಿದರೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಮೊದಲ ಕಂತು ತಪ್ಪುವ ಸೂಚನೆ ಕಂಡಾಗಲೇ ಒಂದು ಪುಟದ ಕಾಗದ ಹಿಡಿದು ವ್ಯವಸ್ಥಾಪಕರ ಬಳಿ ಹೋಗಿ: ಬರಬೇಕಾದ ಉದ್ರಿ ಎಷ್ಟು, ಯಾವಾಗ, ಈಗ ತಿಂಗಳಿಗೆ ಎಷ್ಟು ಕಟ್ಟಬಲ್ಲೆ. ಕಷ್ಟದಲ್ಲಿರುವ ಸಣ್ಣ ಉದ್ದಿಮೆಗಳ ಪುನಶ್ಚೇತನಕ್ಕೆ ರಿಸರ್ವ್ ಬ್ಯಾಂಕ್ 2016ರಲ್ಲಿ ಮಾಡಿದ ಚೌಕಟ್ಟಿನ ಅಡಿಯಲ್ಲಿ ಸಾಲಗಾರರೇ ಅರ್ಜಿ ಕೊಡಲು ಅವಕಾಶವಿದೆ. ವಸೂಲಿಯವರು ಬೆಳಿಗ್ಗೆ ಎಂಟರ ಮೊದಲು, ಸಂಜೆ ಏಳರ ಮೇಲೆ ಸಾಲಗಾರರಿಗೆ ವಸೂಲಿಯ ಫೋನ್ ಮಾಡುವಂತಿಲ್ಲ. ಕಂತು ಕಟ್ಟಲು ಮೊಬೈಲ್ ಆ್ಯಪ್‌ಗಳಲ್ಲಿ ಸಾಲ ಎತ್ತುವುದು ಮಾತ್ರ ಬೇಡವೇ ಬೇಡ.

ಊರವರ ಮಾತು ಇನ್ನೊಂದು ಹೊರೆ. ತೋಟ ಇದ್ದ ಮನೆಯಲ್ಲಿ ‘ತೋಟ ನೋಡ್ಕೊಂಡು ಇದ್ದಿದ್ರೆ ಸಾಕಿತ್ತು’ ಎಂಬ ಮಾತು ತಪ್ಪಿದ್ದಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಯಾರೋ ಮಾವ ‘ಏನಪ್ಪ, ಫ್ಯಾಕ್ಟರಿ ಹೆಂಗೆ ನಡೀತಿದೆ?’ ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿ ಸಮಾರಂಭಗಳನ್ನೇ ಬಿಟ್ಟವರಿದ್ದಾರೆ. ಉತ್ತರ ಮೊದಲೇ ಸಿದ್ಧವಿರಲಿ: ‘ನಡೀತಾ ಇದೆ ಮಾವ, ಈ ಮಳೆಗಾಲ ಸ್ವಲ್ಪ ಬಿಗಿ. ನಿಮ್ಮ ಕೊಯ್ಲು ಎಲ್ಲಿಗೆ ಬಂತು?’ ಸುಳ್ಳೂ ಆಗಲಿಲ್ಲ, ಲೆಕ್ಕ ಒಪ್ಪಿಸಿದಂತೆಯೂ ಆಗಲಿಲ್ಲ. ಅಡಿಕೆಯ ಮಾತು ಒಮ್ಮೆ ಶುರುವಾದರೆ ಪಾಯಸ ಬರುವವರೆಗೆ ನಿಮ್ಮ ಸುದ್ದಿ ಬರುವುದಿಲ್ಲ.

ನಿಜವಾದ ಲೆಕ್ಕ ಒಪ್ಪಿಸಲು ಬೇರೆ ಜಾಗ ಬೇಕು. ನಾಟಿಗೆ ಮುಯ್ಯಾಳು ಕೂಡುವ ಪದ್ಧತಿ ನಮ್ಮಲ್ಲಿ ಇದ್ದದ್ದೇ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ನಾಲ್ಕರಿಂದ ಆರು ಸಣ್ಣ ಉದ್ಯಮಿಗಳು ತಿಂಗಳಿಗೊಮ್ಮೆ ಹೀಗೇ ಕೂಡಬಹುದು. ಒಂದೇ ಪೇಟೆಯಲ್ಲಿ ಒಂದೇ ಮಾಲು ಮಾರುವವರು ಒಂದೇ ಗುಂಪಿನಲ್ಲಿ ಬೇಡ, ಯಾರೂ ಬಾಯಿ ಬಿಡುವುದಿಲ್ಲ. ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಮೊದಲ ಐದು ನಿಮಿಷ ಯಾರೂ ಸಲಹೆ ಕೊಡಕೂಡದು. ಇದೊಂದು ನಿಯಮ ಮುರಿದರೆ ಎರಡನೇ ತಿಂಗಳಿಗೆ ಗುಂಪು ಮುರಿಯುತ್ತದೆ, ಏಕೆಂದರೆ ಸಲಹೆ ಬರುತ್ತದೆಂದು ಗೊತ್ತಾದರೆ ಜನ ತಮ್ಮ ಅಂಕಿ ಮುಚ್ಚಿಡುತ್ತಾರೆ. ಗುಂಪಿನೊಳಗೆ ಸಾಲದ ವ್ಯವಹಾರ ಬೇಡ, ಚೀಟಿ ಹಾಕುವುದೂ (ಚಿಟ್ ಫಂಡ್) ಬೇಡ.

ಇಷ್ಟೆಲ್ಲ ವ್ಯವಸ್ಥೆ ಇದ್ದೂ ಮನಸ್ಸು ಏಳದೇ ಇರಬಹುದು. ಎರಡು ವಾರ ಮೀರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಎಂದರೆ ಅದು ವ್ಯಾಪಾರದ ಸಲಹೆಗೆ ಬಗ್ಗುವಂಥದ್ದಲ್ಲ, ವೈದ್ಯರನ್ನು ಕಾಣಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಯವರು ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಲು ಹಿಂಜರಿಯಬಾರದು. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಎಂಬುದು ಸುಳ್ಳು. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ತೋಟದ ಔಷಧಿ ಇಡುವ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಪಕ್ಕದ ಮನೆಯಲ್ಲಿಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಪತ್ರ ಉದ್ದವಾಯಿತು. ನಮ್ಮದೊಂದು ಕೋರಿಕೆ ಇದೆ, ಅದಕ್ಕೆ ಜಾಗ ಹೆಚ್ಚು ಬೇಕಿಲ್ಲ. ಸಾಧಕರ ಪರಿಚಯದ ಕೆಳಗೆ ಚಿಕ್ಕದೊಂದು ಚೌಕದಲ್ಲಿ ನಾಲ್ಕು ಸಾಲು ಅಚ್ಚು ಮಾಡಿ: ಹಾಕಿದ ಬಂಡವಾಳ ಎಷ್ಟು, ಅದರಲ್ಲಿ ಸಾಲ ಎಷ್ಟು, ಮೊದಲ ಮಳೆಗಾಲದ ಕೊರತೆಯನ್ನು ಯಾವ ದುಡ್ಡಿನಿಂದ ತುಂಬಿದರು, ಮಾಲೀಕರು ಈಗ ತಿಂಗಳಿಗೆ ತಮಗೆ ತೆಗೆದುಕೊಳ್ಳುವ ಸಂಬಳ ಎಷ್ಟು. ಅಂಕಿ ಕೊಡಲು ಒಪ್ಪದವರ ಪರಿಚಯ ಬೇಡವೆಂದಲ್ಲ. ಆ ಸಾಲನ್ನು ಖಾಲಿ ಬಿಟ್ಟೇ ಅಚ್ಚು ಮಾಡಿ.

– ಸಣ್ಣ ಉದ್ದಿಮೆಗಳ ಲೆಕ್ಕಪತ್ರ ಸಲಹೆಗಾರರು ಹಾಗೂ ಆಪ್ತ ಸಮಾಲೋಚಕರು, ಶಿವಮೊಗ್ಗ